‘ಇಲ್ಲವೇ ಇಲ್ಲ’ ಎಂದವನು

ನಮ್ಮ ಕಡೆಯ ಕಿಡ್ನಿ ರೋಗಿಗಳೆಲ್ಲ ಒಟ್ಟಿಗೆ ನಪಾಸಾಗಿದ್ದಾರೆಂದು ಸಮುದ್ರದಾಚೆಯ ದಡದಿಂದ ಫೋನು ಬಂದದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಗಾಳಿಗೆ ಹಡಗು ಬಂದಿರಲಿಲ್ಲ, ಹಾಗಾಗಿ ಅಂಗಡಿಯಲ್ಲಿ ಹಾಲಿರಲಿಲ್ಲ. ನಮ್ಮ ದ್ವೀಪದ ಪೇಟೆ ಸ್ಟಾರ್ನೊವೇಯ ಆಸ್ಪತ್ರೆಯಲ್ಲಿ ನಾನು ನರ್ಸು; ಡಯಾಲಿಸಿಸ್ ಕೋಣೆಯಲ್ಲಿ ಕಪ್ಪು ಚಹಾ ಹಿಡಿದು ನಿಂತಿದ್ದೆ.

“ಡೋಲಿನಾ, ನಿಮ್ಮ ಜನಕ್ಕೆ ಏನಾಗಿದೆ ಹೇಳಿ?” ಎಂದರು ಡಾಕ್ಟರ್ ಪ್ರಿಂಗಲ್.

ಆಕೆ ಆಚೆ ದಡದ ದೊಡ್ಡಾಸ್ಪತ್ರೆಯ ಕಿಡ್ನಿ ಡಾಕ್ಟರು. ಕಿಡ್ನಿ ಮೆಲ್ಲಗೆ ಸೋಲುತ್ತಿರುವವರು ತಮ್ಮನ್ನು ತಾವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಅಳೆಯಲು ಒಂದು ಪ್ರಶ್ನೆಪತ್ರಿಕೆ ಮಾಡಿದ್ದರು. ಉಪ್ಪು, ನೀರು, ಮಾತ್ರೆ, ತೂಕ, ಕಾಲು ಊದಿದರೆ ಏನು ಮಾಡುತ್ತೀರಿ, ಎಲ್ಲ ಅದರಲ್ಲಿತ್ತು. ಪ್ರತಿಯೊಂದರ ಮುಂದೆಯೂ ‘ಪೂರ್ತಿಯಾಗಿ’ಯಿಂದ ‘ಇಲ್ಲವೇ ಇಲ್ಲ’ದವರೆಗೆ ಗುರುತು ಹಾಕುವ ಚೌಕಗಳು. ನಮ್ಮ ದ್ವೀಪದ ಉತ್ತರ ತುದಿಯ ಹಳ್ಳಿಗಳಿಗೆ ಅದನ್ನು ಹಂಚಿ ಬಂದವಳು ನಾನೇ.

“ರಕ್ತ ಪರೀಕ್ಷೆ ನೋಡಿದ್ರೆ ಚೆನ್ನಾಗಿದೆ. ಉತ್ತರ ನೋಡಿದ್ರೆ ಒಬ್ರೂ ಇಷ್ಟು ದಿನ ಬದುಕಿರಬಾರದು. ಇಲ್ಲಿ ತದ್ವಿರುದ್ಧ ನೋಡಿ. ಎಲ್ಲಾ ಗೊತ್ತು ಅಂತಾರೆ, ಎಲ್ಲಾ ಮಾಡ್ತೀನಿ ಅಂತಾರೆ, ರಕ್ತ ನೋಡಿ ನನ್ನ ಎದೆ ಹೊಡ್ಕೊಳುತ್ತೆ.”

“ನಮ್ಮಲ್ಲಿ ಯಾರೂ ತಮ್ಮ ಬಗ್ಗೆ ಹಾಗೆ ಹೇಳ್ಕೊಳಲ್ಲ, ಡಾಕ್ಟರ್.”

“ಹೇಳ್ಕೊಳ್ಳೋದಲ್ಲ, ಬರೀ ಗುರುತು ಹಾಕೋದು.”

ಅದನ್ನು ಆಕೆಗೆ ಹೇಗೆ ತಿಳಿಸುವುದು? ನನ್ನ ತಾಯಿ ಜೀವಮಾನವೆಲ್ಲ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತವಳು. ಕೀರ್ತನೆಗಳ ಪುಸ್ತಕ ಪೂರ್ತಿ ಆಕೆಗೆ ಬಾಯಿಗೆ ಬರುತ್ತಿತ್ತು. ರೊಟ್ಟಿ ತಟ್ಟುವಾಗ ಹೇಳುತ್ತಿದ್ದಳು, ನಾನು ಕೇಳುತ್ತಾ ಬೆಳೆದೆ. ಆದರೂ ಪ್ರಭುವಿನ ಮೇಜಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಭಾನುವಾರ ಆಕೆ ಒಮ್ಮೆಯೂ ಮುಂದೆ ಹೋಗಲಿಲ್ಲ. ಆ ಯೋಗ್ಯತೆ ತನಗಿದೆಯೆಂದು ಅನ್ನಿಸದಿರುವಾಗ ಮುಂದೆ ಹೋಗುವುದು ಪಾಪ ಎಂದು ಬಗೆದಿದ್ದಳು. ಆಕೆಗೆ ನಂಬಿಕೆಯಿಲ್ಲ ಎಂದು ಊರಲ್ಲಿ ಯಾರೂ ಅನ್ನಲಿಲ್ಲ. ಇದೆ ಎಂದು ಆಕೆ ಮಾತ್ರ ಹೇಳಲಿಲ್ಲ. ನಮ್ಮಲ್ಲಿ ಅರ್ಧಕ್ಕೆ ಅರ್ಧ ಜನ ಹೀಗೆಯೇ. ನಾನೂ ಹಿಂದಿನ ಬೆಂಚಿನವಳೇ. ಇಂಥವರ ಮುಂದೆ ‘ನನ್ನ ಕಾಯಿಲೆ ನನ್ನ ಹತೋಟಿಯಲ್ಲಿದೆ’ ಎಂದು ಅಚ್ಚು ಹಾಕಿ ಇಟ್ಟರೆ ಯಾವ ಚೌಕಕ್ಕೆ ಗುರುತು ಬೀಳುತ್ತದೆ?

“ಅದರಲ್ಲೂ ಈ ಎವಾಂಡರ್ ಮ್ಯಾಕ್‌ರಿಚಿ,” ಎಂದರು ಡಾಕ್ಟರ್. “ರಕ್ತ ಎಲ್ರಿಗಿಂತ ಒಳ್ಳೇದು. ಅಷ್ಟು ಕೆಟ್ಟ ಕಿಡ್ನಿ ಇಟ್ಕೊಂಡು ಇಷ್ಟು ವರ್ಷ ಹೇಗೆ ತಳ್ಳಿದ್ರೋ ನನಗೇ ಆಶ್ಚರ್ಯ. ಉತ್ತರ ನೋಡಿದ್ರೆ ಮೇಲಿಂದ ಕೆಳಗಿನವರೆಗೂ ‘ಇಲ್ಲವೇ ಇಲ್ಲ’. ಒಂದೂ ಬಿಟ್ಟಿಲ್ಲ.”

“ಅದು ವಿನಯ. ಒಂದೊಂದು ಮೆಟ್ಟಿಲು ಏರಿಸಿ ಓದ್ಕೊಳ್ಳಿ,” ಎಂದು ನಕ್ಕೆ.

“ನಾನು ಏರಿಸೋ ಹಾಗಿಲ್ಲ. ಅವರಿಗೆ ಇನ್ನು ಡಯಾಲಿಸಿಸ್ ಶುರು ಮಾಡಲೇಬೇಕು. ಮನೆಯಲ್ಲೇ ಡಯಾಲಿಸಿಸ್ ಮಾಡ್ಕೊಳ್ಳೋ ಮಿಷನ್ ಈ ಸಲ ನಿಮ್ಮ ದ್ವೀಪಕ್ಕೆ ಒಂದೇ. ಅವರಿಗೇ ಕೊಡಬೇಕು ಅಂತ ನನಗೂ ಆಸೆ. ಆದ್ರೆ ‘ಇಲ್ಲವೇ ಇಲ್ಲ’ ಅಂದವರ ಕೈಗೆ ಸೂಜಿ ಕೊಡೋದು ಹೇಗೆ? ನೀವೇ ಹೋಗಿ ನಿಮ್ಮ ರೀತೀಲಿ ಕೇಳಿ. ನೀವು ಏನಂತೀರೋ ಅದನ್ನ ನಂಬ್ತೀನಿ.”

ಮಿಷನ್ ಸಿಗದಿದ್ದರೆ ಎವಾಂಡರನಿಗೆ ಉಳಿಯುವುದು ವ್ಯಾನು. ವಾರಕ್ಕೆ ಮೂರು ದಿನ ಪೀಟು ಮಣ್ಣಿನ ಜೌಗು ಬಯಲನ್ನು ದಾಟಿ ಪೇಟೆಗೆ ಬರುವುದು, ಅರ್ಧ ದಿನ ಕುರ್ಚಿಗೆ ಅಂಟಿ ಕೂರುವುದು, ಮನೆಗೆ ಹೋಗಿ ಬೀಳುವುದು. ಅವನು ನೇಕಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ಕಾಲಲ್ಲಿ ತುಳಿಯುವ ಹಳೆಯ ಮಗ್ಗ. ಗಿರಣಿಯವರು ನೂಲು ಇಳಿಸಿ ಹೋಗುತ್ತಾರೆ, ನೇಯ್ದ ಟ್ವೀಡು ಉಣ್ಣೆಬಟ್ಟೆ ಒಯ್ಯುತ್ತಾರೆ. ಹೇಳಿದ ವಾರಕ್ಕೆ ಬಟ್ಟೆ ಸಿಗದಿದ್ದರೆ ನೂಲು ಮುಂದಿನ ಮನೆಗೆ ಹೋಗುತ್ತದೆ. ವ್ಯಾನು ಹತ್ತಿದರೆ ಮಗ್ಗ ನಿಂತಂತೆಯೇ.

ಮಿಷನ್ ಅವನಿಗೇ ಸಿಗಬೇಕೆಂದು ನಿರ್ಧರಿಸಿಯೇ ನಾನು ಕಾರು ಹತ್ತಿದೆ.

ಚರ್ಚಿನಲ್ಲಿ ಕೀರ್ತನೆಯ ಸಾಲು ಎತ್ತಿಕೊಡುವವನು ಎವಾಂಡರ್. ಅವನು ಒಂದು ಸಾಲು ಹೇಳಿದರೆ ಸಭೆಯೆಲ್ಲ ಅದನ್ನು ಎಳೆದೆಳೆದು ಹಾಡುತ್ತದೆ. ಆ ಹಾಡಿನ ಅಲೆ ಹಿಂದೆ ಸರಿಯುವ ಹೊತ್ತಿಗೆ ಮತ್ತೆ ಅವನ ದನಿ. ಚಿಕ್ಕಂದಿನಲ್ಲಿ ನಾನು ಸ್ವರ್ಗದ ಬಾಗಿಲು ತೆರೆಯುವಾಗ ಆಗುವ ಸದ್ದು ಅದೇ ಇರಬೇಕೆಂದುಕೊಂಡಿದ್ದೆ. ಈಚೆಗೆ ಸಾಲಿನ ನಡುವೆ ಅವನು ಉಸಿರು ತೆಗೆದುಕೊಳ್ಳುತ್ತಿದ್ದ. ಎಲ್ಲರಿಗೂ ಕೇಳಿಸುತ್ತಿತ್ತು. ಯಾರೂ ಮಾತೆತ್ತಿರಲಿಲ್ಲ.

ಬಾಗಿಲು ತೆರೆದವಳು ಅವನ ಅಕ್ಕ ಎಫಿ. ಇಬ್ಬರಿಗೂ ಮದುವೆಯಾಗಿಲ್ಲ. ತಂದೆ ತಾಯಿ ಹೋದ ಮೇಲೆ ಆ ಮನೆ, ಒಂದಷ್ಟು ಕುರಿ, ಮಗ್ಗ, ಇಷ್ಟೇ.

“ಬಾ ಚಿನ್ನಾ, ಒಳಗೆ ಬಾ. ಗಾಳಿ ನಿನ್ನನ್ನ ಎತ್ಕೊಂಡು ಹೋಗದೆ ಇದ್ದದ್ದೇ ದೊಡ್ಡದು. ಏನು, ಇನ್ನೊಂದು ಪರೀಕ್ಷೆನಾ? ಇವನು ಶಾಲೇಲೂ ಹೀಗೇ, ಖಾಲಿ ಹಾಳೆ ಕೊಟ್ಟು ಬರ್ತಿದ್ದ.”

“ಖಾಲಿ ಕೊಟ್ಟಿಲ್ಲ,” ಎಂದ ಎವಾಂಡರ್, ಒಲೆಯ ಪಕ್ಕದ ಕುರ್ಚಿಯಿಂದ. ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು.

ನಾನು ಪತ್ರಿಕೆ ತೆಗೆದು ಮೊದಲಿಂದ ಓದಿದೆ. “ಎವಾಂಡರ್, ದಿನಕ್ಕೆ ನೀವು ಎಷ್ಟು ನೀರು ಕುಡೀಬಹುದು ಅಂತ ನಿಮಗೆ ಗೊತ್ತಿದೆಯಾ?”

“ಆ ನೀಲಿ ಜಗ್ಗು ತುಂಬ,” ಎಂದಳು ಎಫಿ. “ಗಂಜಿ, ಸೂಪು ಎಲ್ಲಾ ಅದರಲ್ಲೇ ಲೆಕ್ಕ. ಹೆಚ್ಚಾದ್ರೆ ಸಂಜೆ ಚಹಾ ಕಟ್.”

“ಕಾಲು ಊದಿದ್ರೆ ಹೇಗೆ ಗೊತ್ತಾಗುತ್ತೆ?”

“ಕಾಲುಚೀಲ ಬಿಚ್ಚಿದಾಗ ಗೆರೆ ಬಿದ್ದಿರುತ್ತೆ. ಬೆರಳಲ್ಲಿ ಒತ್ತಿ ನೋಡ್ತೀನಿ.”

“ಎಫಿ, ಅವಳು ಕೇಳ್ತಿರೋದು ನನ್ನನ್ನ.”

“ಹಂಗಾದ್ರೆ ಹೇಳೋ ಮಾರಾಯ. ನಿನ್ನ ಬಾಯಿಗೆ ನಾನೇನು ಬೀಗ ಹಾಕಿದೀನಾ?” ಅವಳು ನನ್ನ ಕಡೆ ತಿರುಗಿದಳು. “ಮಿಷನ್ ಬರುತ್ತಂತಲ್ಲ? ಹಿಂದಿನ ಕೋಣೆ ಖಾಲಿ ಮಾಡಿದೀನಿ. ಸುಣ್ಣ ಹೊಡ್ದಾಯ್ತು. ಸೂಜಿ ಚುಚ್ಚೋದು ಕುರಿಗೆ ಚುಚ್ಚಿ ಅಭ್ಯಾಸ ಇದೆ ನನಗೆ. ಇವನು ಅದಕ್ಕಿಂತ ಕಡಿಮೆ ಒದೀತಾನೆ.”

ಅವಳ ನಗುವಿನ ಹಿಂದೆಯೇ ಒಂದು ಆಕಳಿಕೆ ಬಂತು. ಕೈ ಅಡ್ಡ ಹಿಡಿದು ನುಂಗಿದಳು. ಕುರಿಗಳು ಮರಿ ಹಾಕುವ ಕಾಲ; ಒಂದು ಕುರಿ ಬೆಳಗಿನಿಂದ ಒದ್ದಾಡುತ್ತಿದೆಯೆಂದು ಕೋಟು ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, “ಅವನಿಗೆ ಸ್ಕೋನ್ ಬನ್ನು ಅರ್ಧ ಮಾತ್ರ, ಬೆಣ್ಣೆ ಈ ಕಡೆಯದು, ಉಪ್ಪಿಲ್ಲದ್ದು,” ಎಂದು ನನಗೆ ಹೇಳಿಹೋದಳು.

ಎವಾಂಡರ್ ಎದ್ದ. “ಶೆಡ್ಡಿಗೆ ಹೋಗೋಣ ಬಾ ಮಗಳೇ. ಈ ಒಲೆ ಹತ್ರ ನನಗೆ ಬರೀ ತೂಕಡಿಕೆ.”

ಶೆಡ್ಡಿನಲ್ಲಿ ಎಣ್ಣೆ ಮತ್ತು ಉಣ್ಣೆಯ ವಾಸನೆ. ಮಗ್ಗದ ಮೇಲೆ ಬೂದು ಹಸಿರು ಬಟ್ಟೆ ಅರ್ಧಕ್ಕೆ ನಿಂತಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಹೊಕ್ಕುನೂಲು ಸುತ್ತಿದ ಕಂಡಿಕೆಗಳು ಒತ್ತಾಗಿ ಜೋಡಿಸಿದ್ದವು, ಎಫಿ ಸುತ್ತಿಟ್ಟದ್ದು. ಅವನು ಮಗ್ಗದ ಹಲಗೆಯ ಮೇಲೆ ಕೂತು ಏದುಸಿರು ಇಳಿಯಲೆಂದು ಕಾದ.

ನಾನು ಪತ್ರಿಕೆಯನ್ನು ಮಡಚಿ ಜೇಬಿಗೆ ಹಾಕಿದೆ. ನಮ್ಮಲ್ಲಿ ಆ ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ವಾರದ ಶುಕ್ರವಾರಕ್ಕೆ ಪ್ರಶ್ನೆಯ ದಿನ ಎನ್ನುತ್ತಾರೆ. ಹಿರಿಯರೊಬ್ಬರು ಎದ್ದು ಪ್ರಶ್ನೆ ಇಡುತ್ತಾರೆ: ನಿಜವಾದ ಭಕ್ತನ ಗುರುತುಗಳೇನು, ತೋರಿಕೆಯವನ ಗುರುತುಗಳೇನು? ಪಾದ್ರಿ ಹೆಸರು ಕರೆದಂತೆ ಒಬ್ಬೊಬ್ಬ ಗಂಡಸು ಎದ್ದು ಮಾತಾಡುತ್ತಾನೆ. ‘ನಾನು’ ಎಂದು ಯಾರೂ ಅನ್ನುವುದಿಲ್ಲ. ‘ನನಗೆ ಗೊತ್ತಿದ್ದ ಒಬ್ಬ ಮನುಷ್ಯ’ ಎನ್ನುತ್ತಾರೆ. ಆ ಮನುಷ್ಯ ಯಾರೆಂದು ಸಭೆಗೆಲ್ಲ ಗೊತ್ತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಎವಾಂಡರ್ ಮಾತಾಡಿದ ಶುಕ್ರವಾರಗಳಲ್ಲಿ ನಾನು ಅಳು ತಡೆದುಕೊಂಡು ಕೂತದ್ದಿದೆ.

“ಒಂದು ಪ್ರಶ್ನೆ ಇಡ್ತೀನಿ. ಹೆಂಗಸು ಇಡಬಾರದು, ಆದ್ರೂ,” ಎಂದೆ. “ತನ್ನ ಕಾಯಿಲೇನ ತಾನೇ ನೋಡ್ಕೊಳ್ಳೋ ಮನುಷ್ಯನ ಗುರುತುಗಳೇನು? ತೋರಿಕೆಯವನನ್ನ ಗುರುತಿಸೋದು ಹೇಗೆ?”

ಅವನು ನಿಧಾನಕ್ಕೆ ನಕ್ಕ. “ಪಾದ್ರಿಗೆ ಗೊತ್ತಾದ್ರೆ ಇಬ್ಬರನ್ನೂ ಬಾಗಿಲಿಂದಾಚೆ ನಿಲ್ಲಿಸ್ತಾನೆ.”

“ನಾನು ಹೇಳಲ್ಲ.”

ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. ಅಳತೆಯಲ್ಲಿ, ಸಾಲು ಎತ್ತಿಕೊಡುವ ದನಿಯಲ್ಲೇ ಶುರುಮಾಡಿದ.

“ನನಗೆ ಗೊತ್ತಿರೋ ಒಬ್ಬ ಮನುಷ್ಯ ಇದಾನೆ. ಅವನ ರಕ್ತ ಚೆನ್ನಾಗಿದೆ ಅಂತ ಡಾಕ್ಟ್ರು ಹೊಗಳ್ತಾರೆ. ಅವನು ತಲೆ ಬಗ್ಗಿಸ್ಕೊಂಡು ಕೇಳಿಸ್ಕೊಳ್ತಾನೆ. ಎಂಥಾ ಸಾಧು ಮನುಷ್ಯ ಅಂತಾರೆ ಜನ.” ಉಸಿರು ತೆಗೆದುಕೊಂಡ. “ಅವನ ತಟ್ಟೆಗೆ ಆಲೂಗಡ್ಡೆ ಬರುತ್ತೆ. ಕಿಡ್ನಿಗೆ ಆಗದ್ದು ಇಳಿದು ಹೋಗ್ಲಿ ಅಂತ ಅದನ್ನ ಹೆಚ್ಚಿ, ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ಬೇಯ್ಸಿ ಮತ್ತೆ ಚೆಲ್ತಾರೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಮೊನ್ನೆ ಅಡುಗೆಮನೇಲಿ ಪಾತ್ರೆ ಎಡವಿದಾಗ ಕೇಳ್ದ. ಮಾತ್ರೆಗಳು ಒಂದು ಬಟ್ಟಲಲ್ಲಿ ಬರ್ತವೆ, ನುಂಗ್ತಾನೆ. ಹೆಸರು ಕೇಳಿದ್ರೆ ಬಣ್ಣ ಹೇಳ್ತಾನೆ. ಬೆಳಿಗ್ಗೆ ತೂಕದ ಮಿಷನ್ ಮೇಲೆ ನಿಲ್ಲು ಅಂದಾಗ ನಿಲ್ತಾನೆ. ಮುಳ್ಳು ಎಲ್ಲಿ ನಿಲ್ತು ಅಂತ ಬಗ್ಗಿ ನೋಡಿಲ್ಲ ಅವನು.”

ಗಾಳಿ ತಗಡಿನ ಚಾವಣಿಯನ್ನು ಎತ್ತಿ ಎತ್ತಿ ಬಿಡುತ್ತಿತ್ತು.

“ಆ ಮನೇಲಿ ಒಬ್ಬಳು ಇದಾಳೆ. ಉಪ್ಪು ಹಾಕಿದ ಮೀನಂದ್ರೆ ಅವಳಿಗೆ ಪ್ರಾಣ. ಪೀಪಾಯಿ ಸಮೇತ ಪಕ್ಕದ ಮನೆಗೆ ಕೊಟ್ಟಳು, ಮನೇಲಿದ್ರೆ ಇವನ ಕೈ ಹೋಗುತ್ತೆ ಅಂತ. ಇವನು ಸಪ್ಪೆ ಊಟಕ್ಕೆ ಮುಖ ಸಿಂಡರಿಸ್ತಾನೆ, ಅವಳು ಅದೇ ಊಟ ಎದುರಿಗೆ ಕೂತು ಉಣ್ತಾಳೆ. ತೋರಿಕೆಯವನ ಗುರುತು ಕೇಳಿದೆಯಲ್ಲ ಮಗಳೇ. ಅವನ ರಕ್ತದಲ್ಲಿ ಬೇರೆಯವರ ಬೆವರು ಕಾಣುತ್ತೆ.”

ಸಭೆಯಲ್ಲಿ ಮಾತು ಮುಗಿಸಿದಾಗ ಮಾಡುವಂತೆ ತಲೆಬಾಗಿ ಟೋಪಿ ಹಾಕಿಕೊಂಡ.

ನಮ್ಮ ಜನರ ಮಾತಿನ ಒಳಮರ್ಮ ನನಗೆ ಗೊತ್ತು ಎಂಬ ಧೈರ್ಯದಲ್ಲಿ ಬಂದಿದ್ದೆ. ಅವನು ಕಂಡದ್ದನ್ನು ಕಂಡಂತೆ ಬರೆದಿದ್ದ; ಆಚೆ ದಡದ ಡಾಕ್ಟರು ಅದನ್ನು ಓದಿ ಗಾಬರಿಯಾಗಿದ್ದರು, ನಾನು ವಿನಯ ಎಂದು ನಕ್ಕಿದ್ದೆ.

“ಕಾಗದದಲ್ಲಿ ಕೇಳಿದ್ರು, ನಿಜ ಹೇಳ್ದೆ,” ಎಂದ ಅವನು. “ಅಷ್ಟೇ.”

“ಕಲೀಬಹುದಲ್ಲ ಎವಾಂಡರ್? ಮಿಷನ್ ಕೊಡೋ ಮೊದಲು ಅವರೇ ಕಲಿಸ್ತಾರೆ. ಮಗ್ಗ ಉಳಿಯುತ್ತೆ.”

“ಹ್ಞೂ, ಮಗ್ಗ ಉಳಿಯುತ್ತೆ.” ಅವನು ಅರ್ಧ ನೇಯ್ದ ಬಟ್ಟೆಯನ್ನು ಅಂಗೈಯಿಂದ ಸವರಿದ. “ನನಗೂ ಅದೇ ಆಸೆ. ಬಾ, ನೋಡೇ ಬಿಡೋಣ.”

ಅಡುಗೆಮನೆಗೆ ಬಂದು ಕಪಾಟಿನಿಂದ ಮಾತ್ರೆಯ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಸುರಿದ. ಕನ್ನಡಕ ಹಾಕಿಕೊಂಡ. ಒಂದು ಡಬ್ಬಿಯ ಹೆಸರು ಓದಿ, ಇನ್ನೊಂದನ್ನು ಎತ್ತಿ, ಮೊದಲನೆಯದನ್ನು ಎಲ್ಲಿಟ್ಟೆ ಎಂದು ಹುಡುಕಿದ. ಊಟದ ಜೊತೆ ಅಗಿಯಬೇಕಾದ್ದನ್ನು ಮಲಗುವ ಹೊತ್ತಿನದಕ್ಕೆ ಸೇರಿಸಿದ. ರಕ್ತದೊತ್ತಡದ ಮಾತ್ರೆ ಎರಡು ಕಡೆ ಬಿತ್ತು. ನಾನು ಕೈ ಮಡಿಲಲ್ಲಿ ಹೊಸೆದುಕೊಂಡು ಕೂತೆ. ಸಹಾಯ ಮಾಡುವಂತಿರಲಿಲ್ಲ, ಮಾಡಿದರೆ ಅಳತೆ ಕೆಡುತ್ತಿತ್ತು. ಮಗ್ಗದ ಎಳೆಯನ್ನು ಕಣ್ಣು ಮುಚ್ಚಿ ಪೋಣಿಸುತ್ತಿದ್ದ ಬೆರಳುಗಳು ಚಿಕ್ಕ ಬಿಳಿ ಗುಳಿಗೆ ಹಿಡಿಯಲಾರದೆ ಸೋತವು. ಒಂದು ನೆಲಕ್ಕೆ ಉರುಳಿತು. ಬಗ್ಗಿ ತೆಗೆಯಲು ಹೋಗಿ ಮೇಜು ಹಿಡಿದು ನಿಂತ.

ಆಗಲೇ ಎಫಿ ಬಂದಳು. ತೋಳು ಮೊಣಕೈವರೆಗೆ ಕೆಂಪಾಗಿತ್ತು. “ಎರಡು ಮರಿ. ಎರಡೂ ಬದುಕಿವೆ, ದೇವರು ದೊಡ್ಡವನು,” ಎಂದು ಕೈ ತೊಳೆಯುತ್ತಾ ತಿರುಗಿ ಮೇಜು ನೋಡಿದಳು. “ಅಯ್ಯೋ, ಇದೇನ್ ಹುಡುಗಾ, ಇದೇನ್ ಮಾಡಿಟ್ಟಿದೀಯ? ಬಿಡು, ಬಿಡು, ನಾನು ಜೋಡಿಸ್ತೀನಿ.”

“ಮುಟ್ಟಬೇಡ ಎಫಿ. ಕೂತ್ಕೋ.”

“ಚಹಾ ಇಡ್ಬೇಕು…”

“ನಾನು ಇಡ್ತೀನಿ. ಕೂತ್ಕೋ ಅಂದೆ.”

ಅವನು ಹಾಗೆ ಗದರಿದ್ದನ್ನು ಅವಳು ಎಂದೂ ಕೇಳಿರಲಿಲ್ಲವೇನೋ. ಒಲೆಯ ಪಕ್ಕದ ಕುರ್ಚಿಯಲ್ಲಿ, ಅವನ ಕುರ್ಚಿಯಲ್ಲಿ, ಕೋಟು ಸಮೇತ ಕೂತಳು. ಅವನು ಕೆಟಲಿಗೆ ನೀರು ತುಂಬಿ, ಒಲೆಗಿಟ್ಟು, ಹಿಂದಿರುಗುವಷ್ಟರಲ್ಲಿ ಅವಳ ತಲೆ ವಾಲಿತ್ತು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಬೂಟಿನ ಕೆಸರು ಕರಗಿ ಚಾಪೆಯ ಮೇಲೆ ಇಳಿಯುತ್ತಿತ್ತು.

ಕೆಟಲು ಕೂಗಲು ಶುರುಮಾಡಿತು, ಎವಾಂಡರ್ ಅವಸರದಲ್ಲಿ ಹೋಗಿ ಇಳಿಸಿದ. ಅವಳು ಅಲುಗಲಿಲ್ಲ.

“ಇವಳು ನಿದ್ದೆ ಮಾಡೋದನ್ನ ನಾನು ನೋಡೇ ಇಲ್ಲ,” ಎಂದು ಪಿಸುಗುಟ್ಟಿದ. “ನಾನು ಏಳೋ ಹೊತ್ತಿಗೆ ಎದ್ದಿರ್ತಾಳೆ. ಮಲಗೋ ಹೊತ್ತಿಗೆ ನಾಳೇದಕ್ಕೆ ಆಲೂಗಡ್ಡೆ ಹೆಚ್ತಿರ್ತಾಳೆ.”

ನಾವಿಬ್ಬರೂ ಹಾಲಿಲ್ಲದ ಚಹಾ ಕುಡಿದೆವು. ಅವನು ಅರ್ಧ ಲೋಟದಲ್ಲಿ ನಿಲ್ಲಿಸಿ, ಕುಡಿದದ್ದು ಎಷ್ಟೆಂದು ನೀಲಿ ಜಗ್ಗಿಗೆ ಹಿಡಿದು ನೋಡಿದ. ಹೇಗೆ ಲೆಕ್ಕ ಹಾಕುವುದೆಂದು ನನ್ನನ್ನು ಕೇಳಿದ. ಹೇಳಿಕೊಟ್ಟೆ.

ಎಫಿ ಎಚ್ಚೆತ್ತದ್ದು ಮೈಮೇಲೆ ಬಿಸಿನೀರು ಬಿದ್ದವಳ ಹಾಗೆ. “ಯಾಕೆ ಎಬ್ಬಿಸ್ಲಿಲ್ಲ? ಬಂದವರ ಎದುರಿಗೆ!”

“ಎಫಿ,” ಎಂದ ಅವನು, “ನಾನು ವ್ಯಾನಲ್ಲಿ ಪೇಟೆಗೆ ಹೋಗ್ತೀನಿ. ಮಿಷನ್ ಬೇಡ.”

ಅವಳು ನನ್ನ ಕಡೆ ನೋಡಿದಳು, ನಾನೇ ಕೆಡಿಸಿದವಳು ಎನ್ನುವ ಹಾಗೆ. “ನನ್ನ ಕೈಲಾಗಲ್ಲ ಅಂತ ಯಾರು ಹೇಳಿದ್ರು? ಒಂದು ಸಲ ಕಣ್ಣು ಮುಚ್ಚಿದ್ದಕ್ಕೆ? ಕೋಣೆಗೆ ಸುಣ್ಣ ಹೊಡ್ದಿದೀನಿ!”

“ಚೆನ್ನಾಗಿ ಹೊಡ್ದಿದೀಯ.”

“ಮಗ್ಗ?”

“ಗಿರಣಿಗೆ ನಾನೇ ಹೇಳ್ತೀನಿ. ಇದೊಂದು ಬಟ್ಟೆ ಮುಗಿಸಿ ಕೊಡ್ತೀನಿ ಅಂತ.”

“ಹಂಗಾದ್ರೆ ಇಷ್ಟು ದಿನ ನಾನು ಮಾಡಿದ್ದು ಯಾತಕ್ಕೋ, ಹೇಳು? ಮಗ್ಗ ಉಳೀಲಿ ಅಂತ ತಾನೇ?”

“ನಾನು ಉಳಿದೆನಲ್ಲ.”

“ನೀನು!” ಎಂದಳು. ಮುಂದೆ ಏನೋ ಕೆಟ್ಟದು ಬರಬೇಕಿತ್ತು, ಬದಲಿಗೆ ಎದ್ದು ಮೇಜಿನ ಹತ್ತಿರ ಹೋದಳು.

“ಮಿಷನ್ ಈ ಮನೆಗೆ ಬಂದ್ರೆ ಅದೂ ನಿಂದೇ ಆಗುತ್ತೆ ಎಫಿ. ಡೋಲಿನಾ ಈಗ ನೋಡಿದ್ಳು, ನಂಗೆ ಒಂದು ದಿನದ ಮಾತ್ರೆ ಜೋಡಿಸೋಕೆ ಬರಲ್ಲ. ಪೇಟೇಲಿ ಇವರಿದಾರೆ. ಸಂಬಳ ತಗೊಂಡು ಸುಸ್ತಾಗೋರು.”

ಅವಳು ಕೋಪದಿಂದ ಮಾತ್ರೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬತೊಡಗಿದಳು. ಅವನು ಪಕ್ಕದಲ್ಲಿ ನಿಂತು ಪ್ರತಿಯೊಂದರ ಹೆಸರನ್ನೂ ಕೇಳಿದ. ಮೊದಮೊದಲು ಅವಳು ಉತ್ತರ ಕೊಡಲಿಲ್ಲ. ಆಮೇಲೆ ಹಲ್ಲು ಕಚ್ಚಿಕೊಂಡು ಕೊಟ್ಟಳು.

ಮಾರನೆಯ ದಿನ ಡಾಕ್ಟರ್ ಪ್ರಿಂಗಲ್‌ಗೆ ಫೋನು ಮಾಡಿ, ಎವಾಂಡರನ ಗುರುತುಗಳು ಹಾಗೆಯೇ ಇರಲಿ ಎಂದೆ.

“ವಿನಯ ಅಂದಿದ್ರಲ್ಲ?”

“ಅಲ್ಲ. ರಕ್ತ ಕಾಯ್ತಿದ್ದೋರು ಬೇರೆಯವರು. ಅವರ ಅಕ್ಕ.”

“ಹಾಗಾದ್ರೆ ಮಿಷನ್ ಅಕ್ಕನಿಗೆ ಕಲಿಸಬಹುದಲ್ಲ? ಎಷ್ಟೋ ಕಡೆ ಹಾಗೇ ಮಾಡ್ತೀವಿ.”

“ಆಕೆ ಕಲೀತಾರೆ. ನಿಮಗಿಂತ ಚೆನ್ನಾಗಿ ಕಲೀತಾರೆ. ಅದಕ್ಕೇ ಬೇಡ ಅಂತಿದಾರೆ ಆತ.”

ಮನೆಯಲ್ಲಿ ನೋಡಿಕೊಳ್ಳುವವರಿಗೆಂದು ನಮ್ಮ ಪತ್ರಿಕೆಯಲ್ಲಿ ಒಂದು ಪ್ರಶ್ನೆಯಾದರೂ ಇದೆಯೇ ಎಂದು ಆಕೆ ಪುಟ ತಿರುವಿ ಹುಡುಕುವ ಸದ್ದು ಕೇಳಿಸಿತು. ಇರಲಿಲ್ಲ. ಇರಲಿಲ್ಲವೆಂದು ನನಗೆ ಗೊತ್ತಿತ್ತು. ಮಿಷನ್ ದ್ವೀಪದ ದಕ್ಷಿಣಕ್ಕಿರುವ ಹ್ಯಾರಿಸ್ ಕಡೆಯ ಒಬ್ಬ ಮೇಷ್ಟರಿಗೆ ಹೋಯಿತು.

ಮೇ ತಿಂಗಳ ಮೊದಲ ಮಂಗಳವಾರ ಎವಾಂಡರ್ ವ್ಯಾನಿನಿಂದ ಇಳಿದ. ಭಾನುವಾರದ ಕೋಟು ಹಾಕಿದ್ದ. ಗಿರಣಿಯವರು ಉಳಿದ ನೂಲನ್ನು ಒಯ್ದಿದ್ದರಂತೆ. ಅದನ್ನು ಹೇಳುವಾಗ ಕಿಟಕಿಯಾಚೆ ನೋಡಿದ, ಮತ್ತೆ ಆ ಮಾತು ಎತ್ತಲಿಲ್ಲ. ನಾನು ಸೂಜಿ ಹಾಕುವಾಗ ತೋಳಿನ ಕಡೆ ಕಣ್ಣಿಟ್ಟು, ಯಾವುದು ಹೋಗುವ ನಾಳ, ಯಾವುದು ಬರುವ ನಾಳ ಎಂದು ಕೇಳಿ ತಿಳಿದುಕೊಂಡ. ಸ್ವಲ್ಪ ಹೊತ್ತಿಗೆ ನಿದ್ದೆ ಹೋದ.

ಹನ್ನೊಂದರ ಸುಮಾರಿಗೆ ಕೋಣೆಯ ಫೋನು ಹೊಡೆದುಕೊಂಡಿತು. ಎಫಿ.

“ಹೇಗಿದಾನೆ?”

“ನಿದ್ದೆ ಮಾಡ್ತಿದಾರೆ. ಎಲ್ಲಾ ಸರಿಯಾಗಿದೆ.”

“ಮಾತ್ರೆ ತಗೊಂಡ್ನಾ?”

“ಅವರೇ ತಂದಿದ್ರು. ಸರಿಯಾಗೇ ಇತ್ತು. ಒಂದು ಮಾತ್ರ ತಪ್ಪಿತ್ತು.”

“ಯಾವುದು?”

“ನೀವು ಅದನ್ನ ತಲೆಗೆ ಹಚ್ಕೋಬೇಡಿ ಎಫಿ. ನಾನು ನೋಡ್ಕೊಂಡೆ.”

ಆ ಕಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. ಮಗ್ಗದ ಸದ್ದಿಲ್ಲದ ಮನೆ.

“ವ್ಯಾನು ಬರೋದು ನಾಲ್ಕಕ್ಕಂತೆ,” ಎಂದಳು. “ಅಲ್ಲೀವರೆಗೆ ನಾನೇನ್ ಮಾಡ್ಲೇ ಚಿನ್ನಾ? ಮನೆ ಗುಡಿಸಿದೆ. ಕುರಿಗೆ ಹಾಕಿದೆ. ಆಲೂಗಡ್ಡೆ ನೆನೆಹಾಕಿದೆ.”

“ಮಲ್ಕೊಳ್ಳಿ.”

“ಹಗಲು ಹೊತ್ತಲ್ಲಾ?”

“ಹಗಲು ಹೊತ್ತಲ್ಲೇ. ಪರದೆ ಎಳ್ಕೊಂಡು ಮಲ್ಕೊಳ್ಳಿ.”

“ನಿನಗೇನ್ ಬುದ್ಧಿ ಕೆಟ್ಟಿದೆಯಾ? ಹಗಲಲ್ಲಿ ಪರದೆ ಎಳೆದಿರೋದು ನೋಡಿದ್ರೆ ಎವಾಂಡರ್ ಹೋದ ಅಂತ ಊರೆಲ್ಲ ಕಪ್ಪು ಬಟ್ಟೆ ಹಾಕ್ಕೊಂಡು ಬಂದು ನಿಲ್ಲುತ್ತೆ. ಅವರಿಗೆಲ್ಲ ಚಹಾ ಯಾರು ಮಾಡೋದು?”

“ಹಾಗಾದ್ರೆ ಪರದೆ ತೆಗೆದೇ ಇರಲಿ.”

“ಬೆಳಕು ಬರುತ್ತಲ್ಲೇ.”

“ಬರಲಿ ಬಿಡಿ.”

ಅವಳು ಇನ್ನೇನೋ ಹೇಳಹೊರಟಳು. ಬಂದದ್ದು ಆಕಳಿಕೆ. ಈ ಸಲ ಅದನ್ನು ನುಂಗಲಿಲ್ಲ. ಫೋನಿನೊಳಕ್ಕೆ ಪೂರ್ತಿಯಾಗಿ ಆಕಳಿಸಿದಳು. ಆಮೇಲೆ, “ಗೋಡೆ ಕಡೆ ಮುಖ ಮಾಡ್ಕೊಂಡ್ರಾಯ್ತು,” ಎಂದು ತನಗೇ ಹೇಳಿಕೊಂಡು ಫೋನು ಇಟ್ಟಳು.